ಮನೆಯ ವಿಡಿಯೊಗಳಿಗೊಂದು ಸರ್ವರ್: ಯಾವ ಯಂತ್ರ ತರಬೇಕು?

ಮೈಸೂರಿನ ಎಷ್ಟೋ ಮನೆಗಳ ಬೀರುವಿನಲ್ಲಿ ಮದುವೆ, ನಾಮಕರಣದ ಡಿವಿಡಿಗಳಿವೆ. ದಸರಾ ಗೊಂಬೆ ಕೂರಿಸಿದಾಗ ತೆಗೆದ ವಿಡಿಯೊಗಳು ಎಲ್ಲರ ಫೋನ್‌ಗಳಲ್ಲಿ ಚದುರಿರುತ್ತವೆ. ಇವನ್ನೆಲ್ಲ ಒಂದೇ ಕಡೆ ಇಟ್ಟು ಟಿವಿಯಲ್ಲಿ ನೋಡಲು ಪುಟ್ಟ ಮೀಡಿಯಾ ಸರ್ವರ್, ಅಂದರೆ ವಿಡಿಯೊಗಳನ್ನು ಇಟ್ಟುಕೊಂಡು ಮನೆಯ ನೆಟ್‌ವರ್ಕ್‌ನಲ್ಲಿ ಟಿವಿ, ಫೋನ್‌ಗಳಿಗೆ ಕಳಿಸುವ ಕಂಪ್ಯೂಟರ್ ಸಾಕು. ಅದಕ್ಕೆ ಬೇಕಾದ ಜೆಲ್ಲಿಫಿನ್ ತಂತ್ರಾಂಶ ಉಚಿತ. ಯೋಚಿಸಬೇಕಾದದ್ದು ಯಂತ್ರದ ಬಗ್ಗೆ.

ಅಂಗಡಿಗೆ ಹೋಗುವ ಮುಂಚೆ ಕೆಲವು ವಿಡಿಯೊಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ಓಡಿಸಿ ನೋಡಿ. ಸರಾಗವಾಗಿ ಓಡಿದರೆ ಸರ್ವರ್‌ಗೆ ಹೆಚ್ಚು ಕೆಲಸವಿಲ್ಲ, ಫೈಲ್ ಕಳಿಸಿದರಾಯಿತು. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪೇ ಸಾಕಾಗಬಹುದು. ಓಡದಿದ್ದರೆ ಸರ್ವರ್ ವಿಡಿಯೊವನ್ನು ನಿಂತ ನಿಲುವಿನಲ್ಲೇ ಬೇರೆ ರೂಪಕ್ಕೆ ಬದಲಿಸಿ ಕಳಿಸಬೇಕು. ಇದೇ ಟ್ರಾನ್ಸ್‌ಕೋಡಿಂಗ್. ಜಾಸ್ತಿ ಶಕ್ತಿ ಬೇಡುವುದು ಇದೊಂದೇ. ಡಿವಿಡಿಯ ಎಂಪೆಗ್-2 ವಿಡಿಯೊ ಬ್ರೌಸರ್‌ಗಳಲ್ಲಿ ಓಡುವುದಿಲ್ಲ. ಅದನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಬದಲಿಸುವ ತಂತ್ರಾಂಶದಲ್ಲಿ ಒಮ್ಮೆ ಎಲ್ಲೆಡೆ ಓಡುವ ಎಚ್.264 ರೂಪಕ್ಕೆ ಬದಲಿಸಿಟ್ಟರೆ ಆ ತಲೆನೋವು ಅಲ್ಲಿಗೇ ಮುಗಿಯಿತು.

ಟ್ರಾನ್ಸ್‌ಕೋಡಿಂಗ್ ಬೇಕೇ ಬೇಕು ಅಂದರೆ ಇಂಟೆಲ್ ಪ್ರೊಸೆಸರ್ ನೋಡಿ. ಅದರೊಳಗಿನ ಕ್ವಿಕ್ ಸಿಂಕ್ ಈ ಕೆಲಸಕ್ಕೆಂದೇ ಇರುವ ಭಾಗ. ಆಫೀಸುಗಳಲ್ಲಿ ಬಳಸಿದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವುದಾದರೆ ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು ಇರಲಿ; ಎಚ್.264ರ ನಂತರ ಬಂದ ಎಚ್‌ಇವಿಸಿ ರೂಪದ, ಹೆಚ್ಚು ಬಣ್ಣದ ಛಾಯೆಗಳಿರುವ 10-ಬಿಟ್ ವಿಡಿಯೊ ಅಲ್ಲಿಂದ ಸಲೀಸು. ಪ್ರೊಸೆಸರ್ ಹೆಸರು 'ಎಫ್' ಅಕ್ಷರದಲ್ಲಿ ಮುಗಿದರೆ ಬೇಡ, ಅದರಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ, ಹಾಗಾಗಿ ಕ್ವಿಕ್ ಸಿಂಕ್ ಕೂಡ ಇರುವುದಿಲ್ಲ. ಹೊಸದು ಬೇಕಿದ್ದರೆ ಇಂಟೆಲ್‌ನದೇ ಎನ್100 ಚಿಪ್‌ನ ಮಿನಿ ಪಿಸಿ ನನ್ನ ಮೊದಲ ಆಯ್ಕೆ. ರಾಸ್ಪ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ವಿಡಿಯೊವನ್ನು ಹೊಸ ರೂಪಕ್ಕೆ ಎನ್‌ಕೋಡ್ ಮಾಡುವ ಹಾರ್ಡ್‌ವೇರ್ ಇಲ್ಲ, ಈ ಕೆಲಸಕ್ಕೆ ಅದು ಒಗ್ಗದು. ರ‍್ಯಾಮ್ 8 ಜಿಬಿ ಸಾಕು.

ಹಗಲೂ ರಾತ್ರಿ ಓಡುವ ಯಂತ್ರ ಅಲ್ವಾ, ಕರೆಂಟ್ ಲೆಕ್ಕವನ್ನೂ ಹಾಕಿ. 10 ವ್ಯಾಟ್ ಎಳೆದರೆ ತಿಂಗಳಿಗೆ ಸುಮಾರು 7 ಯೂನಿಟ್. 50 ವ್ಯಾಟ್ ಎಳೆದರೆ 36. ಅಗ್ಗಕ್ಕೆ ಸಿಕ್ಕ ಹಳೆಯ ಡೆಸ್ಕ್‌ಟಾಪ್ ಸೆಸ್ಕ್‌ನ ಕರೆಂಟ್ ಬಿಲ್ಲಿನಲ್ಲಿ ದುಬಾರಿಯಾಗಬಹುದು.

ಉಳಿಸಿದ ದುಡ್ಡನ್ನು ಡಿಸ್ಕ್‌ಗೆ ಹಾಕಿ. ಆಪರೇಟಿಂಗ್ ಸಿಸ್ಟಂ ಚಿಕ್ಕ ಎಸ್‌ಎಸ್‌ಡಿಯಲ್ಲಿರಲಿ, ವಿಡಿಯೊಗಳು ದೊಡ್ಡ ಹಾರ್ಡ್ ಡಿಸ್ಕ್‌ನಲ್ಲಿ. ಒಂದು ಡಿವಿಡಿ 4.7 ಜಿಬಿ ಎಂದರೂ 1 ಟಿಬಿಯಲ್ಲಿ ಇನ್ನೂರು ಹಿಡಿಯುತ್ತವೆ. ಅಷ್ಟೇ ದೊಡ್ಡ ಇನ್ನೊಂದು ಡಿಸ್ಕ್ ತಂದು ಎಲ್ಲವನ್ನೂ ನಕಲು ಮಾಡಿ ಬೇರೆ ಕಡೆ ಇಡಿ. ಮಂಡ್ಯದಲ್ಲಿ ಅಕ್ಕನ ಮನೆಯಿದ್ದರೆ ಅಲ್ಲೇ ಇಡಬಹುದು. ಸಿನಿಮಾ ಮತ್ತೆ ಸಿಗುತ್ತದೆ, ಅಜ್ಜಿಯ ದನಿ ಸಿಗುವುದಿಲ್ಲ.

ಆಗಾಗ ಕರೆಂಟ್ ಹೋಗುವ ಕಡೆ ಚಿಕ್ಕ ಯುಪಿಎಸ್ ಇರಲಿ. ಸರ್ವರ್‌ನಿಂದ ರೂಟರ್‌ಗೆ ವೈಫೈ ಬದಲು ಗಿಗಾಬಿಟ್ ಲ್ಯಾನ್ ಕೇಬಲ್ ಎಳೆಯಿರಿ.