ಗೈಡ್ ಪುಸ್ತಕ ಕೊಳ್ಳುವಾಗ ಮೊದಲು ನಮ್ಮೂರಿನ ಪುಟ

ಅಂಗಡಿಯಲ್ಲಿ ಪ್ರವಾಸದ ಗೈಡ್ ಪುಸ್ತಕ ಕೈಗೆತ್ತಿಕೊಂಡಾಗ, ಹೋಗಬೇಕಾದ ಊರಿನ ಪುಟವನ್ನು ನಾನು ಮೊದಲು ತೆರೆಯುವುದಿಲ್ಲ. ಆ ಊರು ಗೊತ್ತಿಲ್ಲದ್ದರಿಂದ ಅಲ್ಲಿ ಬರೆದದ್ದೆಲ್ಲ ಸರಿಯೆಂದೇ ಕಾಣುತ್ತದೆ. ಮೊದಲು ತೆರೆಯುವುದು ಕಲಬುರಗಿ, ಬೀದರ್, ಯಾದಗಿರಿಯ ಪುಟಗಳನ್ನು. ಹಂಪಿಗೆ, ಮೈಸೂರಿಗೆ ಎಲ್ಲರೂ ಹೋಗುತ್ತಾರೆ, ಅವುಗಳ ಬಗ್ಗೆ ಬರೆಯುವುದು ಸುಲಭ. ನಮ್ಮ ಕಡೆಯ ಬಿಸಿಲಲ್ಲಿ ಓಡಾಡಿ ಬರೆದವರು ಉಳಿದ ಊರುಗಳನ್ನೂ ಕಣ್ಣಾರೆ ಕಂಡು ಬರೆದಿರುವ ಸಂಭವ ಹೆಚ್ಚು.

ಮೊದಲ ಕೆಲಸ, ಪುಸ್ತಕದ ನಿಜವಾದ ವಯಸ್ಸು ತಿಳಿಯುವುದು. ಮುದ್ರಣದ ವರ್ಷ ನಂಬುವಂಥದ್ದಲ್ಲ. ‘ಮರುಮುದ್ರಣ’ ಎಂದಿದ್ದರೆ ಹಳೆಯ ಪಠ್ಯವನ್ನೇ ಮತ್ತೆ ಅಚ್ಚು ಹಾಕಿದ್ದಾರೆಂದರ್ಥ. ‘ಪರಿಷ್ಕೃತ ಆವೃತ್ತಿ’ ಎಂದಿದ್ದರೆ ಮಾತ್ರ ಮುಂದೆ ನೋಡಬಹುದು, ಅದನ್ನೂ ಪರೀಕ್ಷಿಸಿಯೇ. ಸುರಪುರ, ಶಹಾಪುರಗಳನ್ನು ಗುಲ್ಬರ್ಗಾ ಜಿಲ್ಲೆಯಲ್ಲೇ ಇಟ್ಟಿದ್ದರೆ ಆ ಪಠ್ಯ ಯಾದಗಿರಿ ಜಿಲ್ಲೆ ಆಗುವುದಕ್ಕೂ ಮೊದಲಿನದು, ಅಂದರೆ 2009ಕ್ಕಿಂತ ಈಚಿನದಲ್ಲ. ಬೀದರಿನಿಂದ ಕಲಬುರಗಿಗೆ ನೇರ ರೈಲಿಲ್ಲ ಎಂದು ಬರೆದಿದ್ದರೆ 2017ರ ಅಕ್ಟೋಬರಿಗೆ ಮುಂಚಿನದು. ಕಲಬುರಗಿ ವಿಮಾನ ನಿಲ್ದಾಣದ ಹೆಸರೇ ಇಲ್ಲದಿದ್ದರೆ 2019ರ ನವೆಂಬರಿಗೂ ಹಿಂದಿನದು. ‘ಹೈದರಾಬಾದ್ ಕರ್ನಾಟಕ’ ಎಂದಿರುವ ಪುಸ್ತಕ ಕಲ್ಯಾಣ ಕರ್ನಾಟಕವೆಂಬ ಹೆಸರು ಬರುವ ಮೊದಲಿನದು, ಅದೂ 2019ರ ಮಾತು. ‘ಗುಲ್ಬರ್ಗಾ’ ಎಂದಿರುವುದೊಂದನ್ನೇ ಹಿಡಿದು ಪುಸ್ತಕ ತಳ್ಳಿಹಾಕುವುದು ಸರಿಯಲ್ಲ. ಹೆಸರು 2014ರ ನವೆಂಬರ್ 1ಕ್ಕೆ ಬದಲಾದರೂ ಹಳೆಯ ಹೆಸರು ಜನರ ಬಾಯಲ್ಲಿ ಇಂದಿಗೂ ಇದೆ. ಆದರೆ ಸೂಚಿಯಲ್ಲಿ ಎರಡೂ ಹೆಸರು ಇರಬೇಕು. ಸುರಪುರ ಹುಡುಕುವವರಿಗೆ ಶೋರಾಪುರ, ಶೋರಾಪುರ ಹುಡುಕುವವರಿಗೆ ಸುರಪುರ ಸಿಗದಿದ್ದರೆ ಆ ಸೂಚಿ ಇದ್ದೂ ಇಲ್ಲದಂತೆ.

ಎರಡನೆಯದು, ಹೋಗುವ ದಾರಿ. ಇಲ್ಲಿ ಗಾಣಗಾಪುರದ ಪುಟ ಒಳ್ಳೆಯ ಒರೆಗಲ್ಲು. ‘ಗಾಣಗಾಪುರ ರೋಡ್’ ಎಂಬ ರೈಲು ನಿಲ್ದಾಣಕ್ಕೂ ದತ್ತಾತ್ರೇಯ ದೇವಸ್ಥಾನಕ್ಕೂ ಸುಮಾರು 20 ಕಿ.ಮೀ. ಅಂತರ. ‘ರೈಲು ನಿಲ್ದಾಣ: ಗಾಣಗಾಪುರ’ ಎಂದಷ್ಟೇ ಬರೆದು ಮುಗಿಸಿದವರು ಆ ನಿಲ್ದಾಣದಲ್ಲಿ ಎಂದೂ ಇಳಿದಿಲ್ಲ. ಅದನ್ನು ನಂಬಿ ರಾತ್ರಿ ರೈಲು ಇಳಿದವರು ಮುಂದಿನ ಬಸ್ಸಿಗೆ ಬೆಳಗಿನ ತನಕ ಕಾಯಬೇಕಾದೀತು. ಸನ್ನತಿಯ ಪುಟದಲ್ಲಿ ಎರಡು ಸಂಗತಿ ಹುಡುಕುತ್ತೇನೆ. ಚಂದ್ರಲಾಂಬಾ ಗುಡಿಯ ಜತೆಗೆ ಕನಗನಹಳ್ಳಿಯ ಬೌದ್ಧ ಸ್ತೂಪ ಇದೆಯೇ? ‘ರಾಯ ಅಶೋಕೋ’ ಎಂದು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲಿಯೇ. ಉತ್ಖನನ ಶುರುವಾದದ್ದು 1994ರಲ್ಲಿ, ಹಾಗಾಗಿ ಗುಡಿಯಲ್ಲೇ ನಿಂತುಬಿಟ್ಟ ಪುಸ್ತಕ ಬಹಳ ಹಳೆಯದರಿಂದ ನಕಲಾದದ್ದು. ಹತ್ತಿರದ ನಿಲ್ದಾಣ ನಾಲವಾರ ಎಂದು ಹೇಳಿದೆಯೇ? ಹೇಳಿದ್ದರೆ ಅದು ಓದುಗನ ಕಾಲಿನ ಬಗ್ಗೆಯೂ ಯೋಚಿಸಿದ ಪುಸ್ತಕ.

ಕಟ್ಟಡಗಳ ವರ್ಣನೆಯಲ್ಲಿ ‘ಭವ್ಯ’, ‘ಮನಮೋಹಕ’ ಎಂಬಂಥ ಪದಗಳನ್ನು ದಾಟಿ ಮುಂದೆ ಹೋಗುತ್ತೇನೆ. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಗೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಚಾವಣಿ ಇದೆ. ‘ವಿಶಾಲ ಅಂಗಳದ ಮಸೀದಿ’ ಎಂದು ಬರೆದಿದ್ದರೆ ಪುಸ್ತಕ ಅಲ್ಲೇ ಕೆಳಗಿಡಬಹುದು. ಬೀದರ್ ಕೋಟೆಯ ರಂಗೀನ್ ಮಹಲಿಗೆ ಬೀಗ ಇರುವುದುಂಟು, ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿ ತೆಗೆಸಬೇಕು. ಬೀದರಿನ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಸಮಾಧಿಯ ಗುಮ್ಮಟದ ಒಳಗೆ ಕತ್ತಲೆ, ಗೋಡೆಯ ಬಣ್ಣದ ಚಿತ್ತಾರ ಕಾಣಬೇಕಾದರೆ ಟಾರ್ಚ್ ಬೇಕು. ಇಂಥ ಒಂದು ಸಾಲು ಇದ್ದರೆ ಸಾಕು, ಆ ಪುಸ್ತಕದ ಮೇಲೆ ನನಗೆ ವಿಶ್ವಾಸ ಹುಟ್ಟುತ್ತದೆ.

ಜಾತ್ರೆ, ಉರುಸುಗಳ ದಿನಗಳನ್ನು ನೋಡುವುದು ಇನ್ನೂ ನಿಖರವಾದ ಪರೀಕ್ಷೆ. ಖ್ವಾಜಾ ಬಂದೇನವಾಜ್ ದರ್ಗಾದ ಉರುಸು ಹಿಜರಿ ತಿಂಗಳ ಲೆಕ್ಕದಲ್ಲಿ ನಡೆಯುವುದರಿಂದ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಇಂಗ್ಲಿಷ್ ತಿಂಗಳ ಹೆಸರು ಹಾಕಿ ಸುಮ್ಮನಾದ ಪುಸ್ತಕ ಮೂರೇ ವರ್ಷಕ್ಕೆ ಒಂದು ತಿಂಗಳಷ್ಟು ತಪ್ಪುತ್ತದೆ. ಶರಣಬಸವೇಶ್ವರ ಜಾತ್ರೆಗೆ ಹೋಳಿ ಹುಣ್ಣಿಮೆ ಲೆಕ್ಕ. ಅಷ್ಟೂರಿನ ಉರುಸು ಸುಲ್ತಾನನ ಸಮಾಧಿಯಲ್ಲಿ ನಡೆದರೂ ಹಿಂದೂ ಪಂಚಾಂಗವನ್ನೇ ಅನುಸರಿಸುತ್ತದೆ, ಅದೂ ಹೋಳಿಯ ಬಳಿಕವೇ. ಈ ಮೂರನ್ನೂ ಬಿಡಿಸಿ ಹೇಳಿದವರು ಬೇರೆ ಊರಿನ ಹಬ್ಬದ ದಿನವನ್ನೂ ವಿಚಾರಿಸಿಯೇ ಬರೆದಿರುತ್ತಾರೆ. ಲಾಡ್ಜ್ ಖೋಲಿ ಸಿಗುವುದು, ಬಿಡುವುದು ಈ ದಿನಗಳ ಮೇಲೆಯೇ ನಿಂತಿದೆ.

ನಕಾಶೆಗೆ ಒಂದು ಗೇಣು ದಾರ ಸಾಕು. ಅಳತೆಪಟ್ಟಿ ಇಲ್ಲದ ನಕಾಶೆ ಚಿತ್ರವಷ್ಟೇ. ಇದ್ದರೆ, ಬೀದರ್ ಊರಿನಿಂದ ಅಷ್ಟೂರಿನವರೆಗೆ ರಸ್ತೆಯ ತಿರುವುಗಳ ಮೇಲೆ ದಾರ ಹಾಸಿ, ಅದನ್ನು ಅಳತೆಪಟ್ಟಿಯ ಮೇಲೆ ಇಡುತ್ತೇನೆ. ಸುಮಾರು 4 ಕಿ.ಮೀ. ಬರಬೇಕು. ಒಂದೂವರೆ ಬಂದರೆ ನಕಾಶೆಯನ್ನು ಅಂದಾಜಿನಲ್ಲಿ ಗೀಚಿದ್ದಾರೆ. ಊರೊಳಗೆ ನಡೆಯಲು 1 ಸೆಂ.ಮೀ.ಗೆ 100ರಿಂದ 200 ಮೀಟರ್ ಬರುವ ನಕಾಶೆ ಬೇಕು. 1 ಸೆಂ.ಮೀ.ಗೆ 20 ಕಿ.ಮೀ. ಇದ್ದರೆ ಅದು ಊರೂರು ಸುತ್ತಲಷ್ಟೇ ಸರಿ. ಎರಡು ಪುಟಕ್ಕೆ ಹರಡಿದ ನಕಾಶೆಯಾದರೆ ನಡುವಿನ ಭಾಗ ಬೆನ್ನಿನೊಳಗೆ ಮುಚ್ಚಿಹೋಗಿದೆಯೇ ಎಂದೂ ನೋಡಬೇಕು, ಬಹಳ ಸಲ ಬಸ್‌ಸ್ಟ್ಯಾಂಡು ಅಲ್ಲೇ ಅಡಗಿರುತ್ತದೆ.

ಬೈಂಡಿಂಗ್ ಪರೀಕ್ಷೆ ನಮ್ಮ ಕಡೆಯವರಿಗೆ ತುಂಬ ಮುಖ್ಯ. ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿ. ಹಾಳೆಗಳು ಸಣ್ಣಸಣ್ಣ ಮಡಿಕೆಗಳಾಗಿ ಕಂಡರೆ ಅದು ಹೊಲಿಗೆ ಬೈಂಡಿಂಗ್. ಬಿಡಿಹಾಳೆಗಳ ಅಂಚಿಗೆ ಗೋಂದು ಬಳಿದಂತೆ ಕಂಡರೆ ಬರೀ ಅಂಟು. ಏಪ್ರಿಲ್, ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಅಂಟು ಮೆತ್ತಗಾಗಿ ಹಾಳೆ ಕಳಚುತ್ತವೆ, ಮೊದಲು ಕಳಚುವುದು ಹೆಚ್ಚು ತೆರೆಯುವ ನಕಾಶೆಯ ಹಾಳೆ. ಇಡೀ ದೇಶದ ದಪ್ಪ ಪುಸ್ತಕವಾದರೆ ಬೇಕಾದ ಅಧ್ಯಾಯ, ನಕಾಶೆ, ಸೂಚಿಯನ್ನು ಬ್ಲೇಡಿನಿಂದ ಬೆನ್ನಿನ ಹತ್ತಿರ ಕೊಯ್ದು ತೆಗೆಯಿರಿ. ಅಂಚು ಸಮ ಮಾಡಿ ಫೆವಿಕಾಲ್ ತೆಳ್ಳಗೆ ಹಚ್ಚಿ, ಇಟ್ಟಂಗಿಯ ಭಾರ ಇಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ದಪ್ಪ ರಟ್ಟಿನ ಹೊದಿಕೆ ಹಾಕಿ. ದಪ್ಪ ಹಚ್ಚಿದರೆ ಅಂಟು ಒಳಹಾಳೆಗೆ ಇಳಿದು ಪುಟಗಳೇ ಕೂಡಿಕೊಳ್ಳುತ್ತವೆ.

ಇತಿಹಾಸದ ವಿವರ ಬೇಕಿದ್ದರೆ ಗೈಡ್ ಪುಸ್ತಕದ ಮೇಲೆ ಹೊರೆ ಹಾಕಬಾರದು. ಜಿಲ್ಲಾ ಗೆಜೆಟಿಯರ್ ಗ್ರಂಥಾಲಯದಲ್ಲೇ ಓದಿ, ಬೇಕಾದ ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಜತೆಗಿಟ್ಟುಕೊಳ್ಳುವುದು ಹಗುರ. ಬಸ್ಸಿನ ವೇಳೆ, ಟಿಕೆಟ್ ದರ, ಲಾಡ್ಜ್ ಬಾಡಿಗೆಗಳನ್ನು ಯಾವ ಪುಸ್ತಕದಿಂದಲೂ ತಗೊಳ್ಳುವುದಿಲ್ಲ. ಅವನ್ನು ಹೊರಡುವ ವಾರ ವಿಚಾರಿಸಿ, ಆಯಾ ಊರಿನ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಖು ಸಮೇತ ಬರೆದಿಡುತ್ತೇನೆ. ಪೆನ್ನಿನ ಶಾಯಿ ಬೆವರಿನ ಕೈ ತಾಗಿದರೆ ಹರಡುತ್ತದೆ.