ಕಾಫಿ ತೋಟಕ್ಕೆ ಮಡಚುವ ಸೋಲಾರ್ ಪ್ಯಾನೆಲ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಳೆಯಲ್ಲಿ ಮಡಚುವ ಸೋಲಾರ್ ಪ್ಯಾನೆಲ್ ನಂಬಿಕೊಂಡು ಕೂರಬೇಡಿ. ಇದರ ಕಾಲ ಡಿಸೆಂಬರ್‌ನಿಂದ ಮಾರ್ಚ್, ಅಂದರೆ ಕಾಫಿ ಕೊಯ್ಲಿನ ಹೊತ್ತು.

ಫೋನ್, ಟಾರ್ಚ್‌ಗೆ ಮಾತ್ರವಾದರೆ 20-30 ವ್ಯಾಟ್ ಸಾಕು. ಲ್ಯಾಪ್‌ಟಾಪ್, ಪವರ್ ಸ್ಟೇಷನ್ (ಹೊತ್ತೊಯ್ಯಬಹುದಾದ ದೊಡ್ಡ ಬ್ಯಾಟರಿ ಪೆಟ್ಟಿಗೆ) ಇದ್ದರೆ 100 ವ್ಯಾಟ್ ತಗೊಳ್ಳಿ, ಆದರೆ ಒಳ್ಳೆ ಬಿಸಿಲಲ್ಲೂ 70-80 ವ್ಯಾಟ್ ಬಂದರೆ ಅದೇ ಜಾಸ್ತಿ. ಕೊಳ್ಳುವ ಮುನ್ನ ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನನ್ನೂ ಜೋಡಿಸದಿದ್ದಾಗ ಬರುವ ವೋಲ್ಟೇಜ್) ನೋಡಿ. ಅದು ಪವರ್ ಸ್ಟೇಷನ್‌ನ ಇನ್‌ಪುಟ್ ಮಿತಿ ಮೀರಿದರೆ ಮೆಷಿನ್ ಸುಟ್ಟುಹೋಗಬಹುದು.

ನಮ್ಮಲ್ಲಿ ದೊಡ್ಡ ತಲೆನೋವು ನೆರಳು. ಸಿಲ್ವರ್ ಓಕ್‌ನ ಒಂದು ಕೊಂಬೆಯ ನೆರಳು ಪ್ಯಾನೆಲ್‌ನ ಒಂದೇ ಒಂದು ಮಡಿಕೆ ಮೇಲೆ ಬಿದ್ದರೂ ಸಾಕು, ಸೆಲ್‌ಗಳನ್ನು ಸಾಲಾಗಿ ಜೋಡಿಸಿರುವುದರಿಂದ ಇಡೀ ಪ್ಯಾನೆಲ್‌ನ ಕರೆಂಟ್ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಹಾಗಾಗಿ ತೋಟದೊಳಗೆ ಬೇಡ, ಕಣಕ್ಕೆ ತಂದು ಬಿಡಿಸಿ. ಕಾಫಿ ಹರಡಿದ್ದರೂ ಒಂದು ಮೂಲೆ ಸಿಗುತ್ತದೆ ಅಲ್ವಾ? ದಕ್ಷಿಣಕ್ಕೆ ಮುಖ ಮಾಡಿ, ಡಿಸೆಂಬರ್‌ನಲ್ಲಿ ಸುಮಾರು 35 ಡಿಗ್ರಿ ಓರೆಯಾಗಿಡಿ. ಬೆಳಗಿನ ಮಂಜು ಬಿಡುವವರೆಗೆ ಸುಮ್ನೆ ಕಾಯಿರಿ. ಪವರ್ ಬ್ಯಾಂಕ್ ಬಿಸಿಲಿಗೆ ಬಿಸಿಯಾಗಬಾರದು, ಪ್ಯಾನೆಲ್ ಹಿಂದಿನ ನೆರಳಲ್ಲಿಡಿ. ಮಡಚುವ ಮುಂಚೆ ಇಬ್ಬನಿ, ಧೂಳು ಒರೆಸಿ.