ಜೇನುಗೂಡು ಜಾಲಿಯನ್ನು ವೃತ್ತದ ಅಂಚಿಗೆ ಕತ್ತರಿಸುವುದು ಹೇಗೆ?

ಫ್ಯಾನಿನ ಮುಂದೆ ಕೂರಿಸುವ ಜೇನುಗೂಡು ಜಾಲಿಯನ್ನು ಆಟೊಕ್ಯಾಡ್ ಎಂಬ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಬಿಡಿಸುವವರು ಎಡವುವುದು ಅಂಚಿನಲ್ಲಿ. ಷಟ್ಕೋನಗಳನ್ನು ಹರಡುವವರೆಗೆ ಎಲ್ಲ ಸಲೀಸು. ಆಮೇಲೆ ವೃತ್ತದಾಚೆ ಚಾಚಿದ ಗೆರೆಗಳನ್ನು ‘ಟ್ರಿಮ್’ ಹಿಡಿದು ಒಂದೊಂದಾಗಿ ಕತ್ತರಿಸುತ್ತ ಕೂರುತ್ತಾರೆ. ಪರದೆಯ ಮೇಲೆ ಜಾಲಿ ಚೆಂದವೇ ಕಾಣುತ್ತದೆ. ಲೇಸರ್ ಕಟಿಂಗ್‌ನವರು ಮಾತ್ರ ಫೈಲ್ ವಾಪಸ್ ಕಳಿಸುತ್ತಾರೆ. ಕತ್ತರಿಸಿದ ಪ್ರತಿ ಕೋಶವೂ ಅಂಚಿನ ಕಡೆ ಬಾಯಿ ತೆರೆದುಕೊಂಡಿರುತ್ತದೆ, ಮೆಷಿನ್‌ಗೆ ಬೇಕಾದದ್ದು ಮುಚ್ಚಿದ ಆಕೃತಿ.

ಉದಾಹರಣೆಗೆ 120 ಮಿ.ಮೀ. ಫ್ಯಾನನ್ನೇ ತೆಗೆದುಕೊಳ್ಳೋಣ. 1.5 ಮಿ.ಮೀ. ದಪ್ಪದ ತಗಡು, 120×120 ಚೌಕ, ಸ್ಕ್ರೂ ತೂತುಗಳ ನಡುವೆ 105 ಮಿ.ಮೀ. ಕೋಶದ ಎದುರುಬದುರು ಬದಿಗಳ ನಡುವೆ 8 ಮಿ.ಮೀ., ಕೋಶದಿಂದ ಕೋಶಕ್ಕೆ ಉಳಿಯುವ ಪಟ್ಟಿ 2 ಮಿ.ಮೀ.

‘ಪಾಲಿಗಾನ್’ ಆಜ್ಞೆಗೆ 6 ಬದಿ ಕೊಟ್ಟು, ‘ಸರ್ಕಮ್‌ಸ್ಕ್ರೈಬ್ಡ್’ ಆಯ್ದು, ತ್ರಿಜ್ಯ 4 ಎಂದು ಟೈಪ್ ಮಾಡಿ. ಇಲ್ಲಿ ‘ಇನ್‌ಸ್ಕ್ರೈಬ್ಡ್’ ಒತ್ತಿದರೆ ಕೋಶ 6.93 ಮಿ.ಮೀ.ಗೆ ಕುಗ್ಗಿ ಪಟ್ಟಿ 3 ಮಿ.ಮೀ. ದಾಟುತ್ತದೆ. ಈ ಷಟ್ಕೋನದ ಒಂದು ನಕಲನ್ನು ಬಲಕ್ಕೆ 8.6603, ಮೇಲಕ್ಕೆ 5 ಸರಿಸಿ ಇಡಿ. ಎರಡನ್ನೂ ಒಟ್ಟಿಗೆ ಆಯ್ದು 14 ಅಡ್ಡಸಾಲು, 8 ಕಂಬಸಾಲುಗಳ ‘ಅರೇ’ ಮಾಡಿ: ಅಡ್ಡಸಾಲುಗಳ ಅಂತರ 10, ಕಂಬಸಾಲುಗಳದ್ದು 17.3205. ದಶಾಂಶ ಉದ್ದವಾಯಿತೆಂದು 17.3ಕ್ಕೆ ನಿಲ್ಲಿಸಬೇಡಿ, ಕೊನೆಯ ಕಂಬಸಾಲು ತಲುಪುವಾಗ 0.14 ಮಿ.ಮೀ. ತಪ್ಪಿರುತ್ತದೆ. ಒಟ್ಟು 224 ಕೋಶ ಬರುತ್ತವೆ. ‘ಎಕ್ಸ್‌ಪ್ಲೋಡ್’ ಮಾಡಿ ಬಿಡಿಬಿಡಿಯಾಗಿಸಿ.

ಇನ್ನು ವೃತ್ತ. ಕೆಲಸ ಕೆಡುವುದೂ ಒದಗುವುದೂ ಇಲ್ಲೇ. ಕೇಂದ್ರವನ್ನು ನಡುವಿನ ಯಾವುದಾದರೊಂದು ಕೋಶದ ನಟ್ಟನಡುವೆ ಇಡಿ. ಜೋಡಿಯನ್ನು ಹರಡಿದ್ದರಿಂದ ಕೋಶಗಳ ಕಂಬಸಾಲು ಈಗ 16 ಇವೆ; ಎಡಗಡೆಯಿಂದ ಎಂಟನೆಯದರಲ್ಲಿ ಕೆಳಗಿನಿಂದ ಏಳನೇ ಕೋಶ ಸರಿಹೋಗುತ್ತದೆ. ವ್ಯಾಸ ಎಷ್ಟಿರಬೇಕು? ಗಾಳಿ ಹೆಚ್ಚು ಬರಲೆಂದು 114 ಇಟ್ಟವರಿಗೆ ಅಂಚಿನಲ್ಲಿ ಚೂರುಗಳ ಕಾಟ. ಕೇಂದ್ರದಿಂದ 60 ಮಿ.ಮೀ. ದೂರದಲ್ಲಿರುವ ಆರು ಕೋಶಗಳ ಒಳಬದಿ 56ರಲ್ಲಿದೆ, ವೃತ್ತ 57ರಲ್ಲಿ. ಹಾಗಾಗಿ ಒಂದೇ ಮಿ.ಮೀ. ಅಗಲದ ಆರು ಸೀಳು ಉಳಿಯುತ್ತವೆ, ಜೊತೆಗೆ ಒಂದು ಮಿ.ಮೀ.ಗೂ ಕಡಿಮೆ ಆಳದ ಹನ್ನೆರಡು ಮೂಲೆಚೂರು. ತಗಡಿನ ದಪ್ಪಕ್ಕಿಂತ ಸಣ್ಣ ತೂತನ್ನು ಲೇಸರ್‌ನಲ್ಲಿ ಮಾಡಿಸಲು ಹೋಗಬಾರದು. ಅಲ್ಲಿ ಬಿಸಿ ನಿಂತು ಅಂಚು ಕರಗುತ್ತದೆ. 112ಕ್ಕೆ ಇಳಿಸಿದರೆ ಅದೇ ಆರು ಬದಿಗಳು ವೃತ್ತಕ್ಕೆ ಒಂದೊಂದು ಬಿಂದುವಿನಲ್ಲಿ ತಾಗಿ ನಿಲ್ಲುತ್ತವೆ. ಇದೂ ಬೇಡ. 110 ಇಡಿ. ಪೂರ್ತಿ ಒಳಗೆ 91 ಕೋಶ, ವೃತ್ತ ಹಾದುಹೋಗುವ ಕೋಶ 30, ಸೀಳು ಒಂದೂ ಇಲ್ಲ. ಸುತ್ತ 5 ಮಿ.ಮೀ. ಅಂಚೂ ಗಟ್ಟಿಯಾಗಿ ಉಳಿಯುತ್ತದೆ. ಬೇರೆ ಅಳತೆಯ ಜಾಲಿಗೂ ಕತ್ತರಿಸುವ ಮೊದಲು ವ್ಯಾಸವನ್ನು ಒಂದೆರಡು ಮಿ.ಮೀ. ಆಚೀಚೆ ಮಾಡಿ ನೋಡಿ, ಚೂರುಗಳು ಅಲ್ಲೇ ತೀರಿಹೋಗುತ್ತವೆ. ಆಮೇಲೆ ಒಂದೊಂದನ್ನೇ ಅಳಿಸುವುದು ದಂಡದ ಕೆಲಸ.

ಅಂಚಿನ ಆ 30 ಕೋಶಗಳನ್ನೇ ಅಳಿಸಿಬಿಡುವವರಿದ್ದಾರೆ. ತಗಡು ಗಟ್ಟಿಯಾದೀತು, ಆದರೆ ಜಾಲಿಯ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ವೃತ್ತವೆಂದರೆ ವೃತ್ತದಂತೆಯೇ ಕಾಣಬೇಕು, ಕತ್ತರಿಸಿಯೇ ಉಳಿಸಿಕೊಳ್ಳಿ.

ಕತ್ತರಿಸಲು ‘ಟ್ರಿಮ್’ ಬೇಡ, ‘ರೀಜನ್’ (ಒಳಜಾಗವೂ ಸೇರಿದ ಮುಚ್ಚಿದ ಆಕೃತಿ) ಬಳಸಿ. ಎಲ್ಲ ಷಟ್ಕೋನಗಳನ್ನೂ ವೃತ್ತವನ್ನೂ ‘ರೀಜನ್’ ಆಗಿಸಿ. ಮೊದಲು 224 ಷಟ್ಕೋನಗಳನ್ನಷ್ಟೇ ಆಯ್ದು ‘ಯೂನಿಯನ್’ ಕೊಡಿ. ಒಂದಕ್ಕೊಂದು ತಾಗದಿದ್ದರೂ ಅವು ಒಂದೇ ವಸ್ತುವಾಗುತ್ತವೆ. ಅನಂತರ ಆ ವಸ್ತು, ವೃತ್ತ ಎರಡನ್ನೂ ಆಯ್ದು ‘ಇಂಟರ್‌ಸೆಕ್ಟ್’. ‘ಯೂನಿಯನ್’ ಬಿಟ್ಟು ನೇರವಾಗಿ ‘ಇಂಟರ್‌ಸೆಕ್ಟ್’ ಒತ್ತಿದರೆ ಪರದೆ ಖಾಲಿ! ಎಲ್ಲ ಕೋಶಗಳಿಗೂ ಸಾಮಾನ್ಯವಾದ ಜಾಗವನ್ನು ಅದು ಹುಡುಕುತ್ತದೆ, ಅಂಥ ಜಾಗವೇ ಇಲ್ಲ. ಗಾಬರಿಯಾಗದೆ ‘ಅನ್‌ಡೂ’ ಮಾಡಿ.

ಫಲಿತವನ್ನು ಎರಡು ಸಲ ‘ಎಕ್ಸ್‌ಪ್ಲೋಡ್’ ಮಾಡಬೇಕು. ಮೊದಲ ಸಲ ಬಿಡಿ ರೀಜನ್‌ಗಳಾಗುತ್ತವೆ, ಎರಡನೇ ಸಲ ಗೆರೆ ಮತ್ತು ವೃತ್ತದ ಕಂಸಗಳು. ಎಲ್ಲವನ್ನೂ ಆಯ್ದು ‘ಜಾಯಿನ್’ ಕೊಟ್ಟರೆ ಮುಚ್ಚಿದ ಪಾಲಿಲೈನ್‌ಗಳು (ತುಂಡುಗಳು ಕೂಡಿ ಒಂದೇ ವಸ್ತುವಾದ ಗೆರೆಗಳು) ಸಿಗುತ್ತವೆ. ಪ್ರಾಪರ್ಟೀಸ್ ಫಲಕದಲ್ಲಿ ಲೆಕ್ಕ ನೋಡಿ, 121 ಇರಬೇಕು. ಹೆಚ್ಚಿದ್ದರೆ ಎಲ್ಲೋ ಕೊಂಡಿ ಕೂಡಿಲ್ಲ.

ಅಡ್ಡದಾರಿಗಳೂ ಇವೆ. ‘ಎಕ್ಸ್‌ಟ್ರಿಮ್’ ವೃತ್ತದಾಚೆ ಚಾಚಿದ ಗೆರೆಗಳನ್ನೆಲ್ಲ ಒಂದೇ ಏಟಿಗೆ ಕತ್ತರಿಸುತ್ತದೆ, ಆದರೆ ಕೋಶಗಳ ಬಾಯಿ ಮತ್ತೆ ತೆರೆದೇ ಇರುತ್ತದೆ. ‘ಎಕ್ಸ್‌ಕ್ಲಿಪ್’ ಬರೀ ಮರೆಮಾಡುವ ಪರದೆ, ಕತ್ತರಿಸುವುದೇ ಇಲ್ಲ. ‘ಹನಿ’ (HONEY) ಎಂಬ ಹ್ಯಾಚ್‌ನಿಂದ, ಅಂದರೆ ಜಾಗ ತುಂಬುವ ಸಿದ್ಧ ವಿನ್ಯಾಸದಿಂದ, ಜಾಲಿ ಮಾಡುವ ಆಸೆಯನ್ನಂತೂ ಬಿಟ್ಟುಬಿಡಿ, ಒಡೆದರೆ ಸಿಗುವುದು ತುಂಡುಗೆರೆಗಳ ರಾಶಿ. 3ಡಿ ಮಾದರಿ ಮಾಡುವ ಸಾಲಿಡ್‌ವರ್ಕ್ಸ್ ಬಳಸುವವರು ಇಡೀ ಮಾದರಿಯನ್ನು ಸ್ಕೆಚ್‌ನೊಳಗೆ ತುಂಬದಿರಿ. ಒಂದು ಕೋಶವನ್ನು ಕತ್ತರಿಸಿ, ಆ ಕತ್ತರಿಕೆಯನ್ನೇ ಹರಡಿ, ಕೊನೆಗೆ ಸುತ್ತಲ ಅಂಚನ್ನು ಉಂಗುರದಂತೆ ಮತ್ತೆ ಮೇಲೆ ತುಂಬಿಸಿ.

ಹೊರಚೌಕ, 4.3 ಮಿ.ಮೀ.ನ ನಾಲ್ಕು ತೂತು ಸೇರಿಸಿ ಕಟಿಂಗ್‌ನವರಿಗೆ ಕೊಡುವ ಡಿಎಕ್ಸ್‌ಎಫ್ ಫೈಲ್ ಆಗಿ ಉಳಿಸಿ. ಅದಕ್ಕೂ ಮುಂಚೆ 110ರ ವೃತ್ತದ ಪ್ರತಿ ಎಲ್ಲಾದರೂ ಉಳಿದಿದೆಯೇ ನೋಡಿ. ಉಳಿದಿದ್ದರೆ ಮೆಷಿನ್ ಅದನ್ನೂ ಕತ್ತರಿಸಿ ಜಾಲಿಯನ್ನು ಇಡಿಯಾಗಿ ಕೆಳಗೆ ಉದುರಿಸುತ್ತದೆ. ಲೇಸರ್ ತಿನ್ನುವ ಅಗಲವನ್ನು ನೀವೇ ಕಳೆಯಲು ಹೋಗಬೇಡಿ. ಕಟಿಂಗ್‌ನವರು ತಮ್ಮ ಸಾಫ್ಟ್‌ವೇರ್‌ನಲ್ಲಿ ಕಳೆದೇ ಕಳೆಯುತ್ತಾರೆ, ಎರಡು ಸಲ ಕಳೆದರೆ ಕೋಶಗಳು ಸಣ್ಣದಾಗುತ್ತವೆ.